ಖೀವಾ: ಯಾತ್ರಿಕರು ಕಂಡ ಮರಳುಗಾಡಿನ ಕೋಟೆ

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಪ್ರವಾಸ ಮತ್ತು ಜ್ಞಾನ’ ಎಂಬ ವಿಷಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಂಸ್ಥೆಯವರು ಸೂಚಿಸಿದ್ದಾರೆ. ವಿಷಯ ಬಹಳ ದೊಡ್ಡದು. ಆದ್ದರಿಂದ ಒಂದೇ ಒಂದು ಊರನ್ನು ಆರಿಸಿಕೊಂಡು, ಆ ಊರಿಗೆ ಹೋದವರು ಏನು ನೋಡಿದರು, ಏನನ್ನು ನೋಡದೆ ಬಂದರು ಎಂಬುದನ್ನು ಮಾತ್ರ ತಮ್ಮ ಮುಂದಿಡುತ್ತೇನೆ. ಆ ಊರು ಖೀವಾ. ನಾನು ಅಲ್ಲಿಗೆ ಹೋದವನಲ್ಲ. ಹೋದವರು ಬರೆದದ್ದನ್ನು ಓದಿದವನು ಅಷ್ಟೆ.

ಖೀವಾ ಇರುವುದು ಇಂದಿನ ಉಜ್ಬೇಕಿಸ್ತಾನದಲ್ಲಿ, ಅಮು ದರಿಯಾ ನದಿಯ ಕೆಳಭಾಗದ ಬಯಲಿನಲ್ಲಿ. ಒಂದು ಕಡೆ ಕಾರಾಕುಮ್, ಇನ್ನೊಂದು ಕಡೆ ಕಿಜಿಲ್‌ಕುಮ್. ಕಪ್ಪು ಮರಳು ಮತ್ತು ಕೆಂಪು ಮರಳು ಎಂದು ಆ ಹೆಸರುಗಳ ಅರ್ಥ. ಈ ಎರಡು ಮರುಭೂಮಿಗಳ ನಡುವೆ ನದಿಯ ನೀರನ್ನು ಕಾಲುವೆಗಳಲ್ಲಿ ಹರಿಸಿಕೊಂಡು ಬದುಕಿದ ನಾಡಿಗೆ ಖ್ವಾರಿಜ್ಮ್ ಎಂದು ಹೆಸರು. ಗಣಿತದ ತರಗತಿಯಲ್ಲಿ ಆಲ್ಜೀಬ್ರಾ ಎಂದರೆ ಮುಖ ಸಿಂಡರಿಸುವ ಮಕ್ಕಳು ಇಲ್ಲಿದ್ದಾರೆ, ಅವರು ಸ್ವಲ್ಪ ಕಿವಿಗೊಡಬೇಕು. ಆ ಪದವನ್ನು ಲೋಕಕ್ಕೆ ಕೊಟ್ಟ ಅಲ್ ಖ್ವಾರಿಜ್ಮಿಯವರ ಹೆಸರೇ ಅವರ ಮೂಲ ನಾಡನ್ನು ಹೇಳುತ್ತದೆ. ಅವರು ದುಡಿದದ್ದು ಬಗ್ದಾದಿನಲ್ಲಿ, 9ನೇ ಶತಮಾನದ ಆರಂಭದಲ್ಲಿ, ಖಲೀಫ ಮಾಮೂನನ ಆಶ್ರಯದಲ್ಲಿ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನವನ್ನು ಅರಬರಿಗೆ ವಿವರಿಸಿ ಹೇಳಿದವರೂ ಅವರೇ. ಇಂದು ಕಂಪ್ಯೂಟರ್ ಓದುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ‘ಆಲ್ಗಾರಿದಮ್’ ಅವರ ಹೆಸರಿನದೇ ಅಪಭ್ರಂಶ. ಖೀವಾದ ಕೋಟೆಯ ಪಶ್ಚಿಮ ಬಾಗಿಲಿನ ಹೊರಗೆ ಅವರು ಯೋಚನಾಮಗ್ನರಾಗಿ ಕುಳಿತಿರುವ ಪ್ರತಿಮೆಯೊಂದಿದೆ. ಸಂಸ್ಕೃತ ಕಲಿತು 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್ ಬಿರೂನಿಯವರು ಹುಟ್ಟಿದ್ದೂ ಇದೇ ನಾಡಿನ ಕಾಥ್ ಎಂಬ ಪಟ್ಟಣದಲ್ಲಿ, 973ರಲ್ಲಿ.

ಈಗ ಕೋಟೆಯ ವಿಚಾರ. ಖೀವಾ ಎರಡು ಸುತ್ತಿನ ಊರು. ಹೊರಗಿನದು ದೀಶಾನ್ ಕಲಾ, ಒಳಗಿನದು ಇಚಾನ್ ಕಲಾ. ಈ ‘ಕಲಾ’ ಬೇರೇನೂ ಅಲ್ಲ, ನಮ್ಮ ಉರ್ದುವಿನ ‘ಖಿಲಾ’. ಹೊರಗಿನ ಗೋಡೆ ಕಟ್ಟಿದ್ದು 1842ರಲ್ಲಿ. ಅದರಲ್ಲಿ ಉಳಿದಿರುವುದು ಅಲ್ಪ. ಒಳಗಿನ ಗೋಡೆ ಸುಮಾರು ಎರಡು ಕಿಲೋಮೀಟರಿಗಿಂತ ಹೆಚ್ಚು ಉದ್ದ, ಹತ್ತು ಮೀಟರ್ ಎತ್ತರ. ಬೀದರ್, ಗುಲ್ಬರ್ಗಾ, ಚಿತ್ರದುರ್ಗದ ಕೋಟೆಗಳನ್ನು ನೋಡಿದ ನಮಗೆ ಆಶ್ಚರ್ಯವಾಗುವ ಸಂಗತಿ ಏನೆಂದರೆ, ಈ ಗೋಡೆ ಕಲ್ಲಿನದಲ್ಲ. ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆ, ಮೇಲೆ ಮಣ್ಣಿನ ಮೆತ್ತನೆ. ಬುಡದಲ್ಲಿ ದಪ್ಪ, ಮೇಲೇರಿದಂತೆ ಸಣ್ಣ. ನಮ್ಮ ಮಲೆನಾಡಿನ ಒಂದು ಮಳೆಗಾಲಕ್ಕೆ ಅದು ನಿಲ್ಲಲಾರದು. ಮಳೆಯೇ ಅಪರೂಪವಾದ ನಾಡಿನಲ್ಲಿ ಶತಮಾನಗಳಿಂದ, ಆಗಾಗ ಮೆತ್ತಿಸಿಕೊಳ್ಳುತ್ತ, ನಿಂತಿದೆ. ಒಂದು ಕಡೆ ಈ ಗೋಡೆಯ ಹೊರಮೈಯ ಇಳಿಜಾರಿನ ಮೇಲೆಯೇ ಹಳೆಯ ಗೋರಿಗಳು ಸಾಲಾಗಿವೆ. ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲು. ಒಳಗೆ ಹೆಜ್ಜೆಗೊಂದು ಮದ್ರಸಾ, ಮಸೀದಿ, ಮಿನಾರು. ಅವುಗಳ ಮೈಮೇಲೆ ನೀಲಿ, ಹಸಿರು, ಬಿಳಿಯ ಹೊಳೆಯುವ ಹೆಂಚುಗಳು. ಆ ಹೆಂಚಿನ ಕೆಲಸ ಹೇಗಿರುತ್ತದೆ ಎಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ಬೀದರಿನಲ್ಲಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸಾದ ಮುಂಭಾಗದಲ್ಲಿ ಅಳಿದುಳಿದ ಹೆಂಚುಗಳನ್ನು ನೋಡಿ. ಅದು ಇರಾನ್ ಮತ್ತು ಮಧ್ಯ ಏಷ್ಯಾದ ಮದ್ರಸಾಗಳ ಮಾದರಿಯಲ್ಲೇ ಕಟ್ಟಿದ್ದು.

ಆದರೆ ಹಳೆಯ ಯಾತ್ರಿಕರ ಬರಹಗಳನ್ನು ತೆರೆದರೆ ಮೊದಲು ಕಾಣುವುದು ಗೋಡೆಯಲ್ಲ, ನೀರು. ವಾರಗಟ್ಟಲೆ ಮರಳಿನಲ್ಲಿ ನಡೆದು, ಚರ್ಮದ ಚೀಲದ ನಾರುವ ನೀರನ್ನು ಅಳೆದು ಕುಡಿದು ಬಂದವರಿಗೆ ಕಾಲುವೆ, ಅದರ ದಡದ ಮರಗಳು, ಖರ್ಬೂಜದ ಹೊಲಗಳು ಕಂಡಾಗ ಹೇಗಾಗಿರಬೇಕು! ಊರಿನ ಹುಟ್ಟಿನ ಬಗ್ಗೆ ಅಲ್ಲಿಯ ಜನ ಹೇಳುವ ಕಥೆಯೂ ನೀರಿನದೇ. ಹಜ್ರತ್ ನೂಹ್ ಅಲೈಹಿಸ್ಸಲಾಮರ ಮಗ ಸಾಮ್ ಇಲ್ಲಿ ಬಾವಿ ತೋಡಿಸಿದರೆಂದೂ, ಆ ಸಿಹಿನೀರನ್ನು ಕುಡಿದವರ ಉದ್ಗಾರವೇ ಊರಿನ ಹೆಸರಾಯಿತೆಂದೂ ಹೇಳುತ್ತಾರೆ. ಇದು ಚರಿತ್ರೆಯಲ್ಲ, ಕಥೆ. ಆದರೂ ಮರಳುಗಾಡಿನ ಜನ ತಮ್ಮ ಊರಿನ ಮೂಲವನ್ನು ಒಬ್ಬ ರಾಜನ ಗೆಲುವಿನಲ್ಲಿ ಹುಡುಕದೆ ಒಂದು ಬಾವಿಯಲ್ಲಿ ಹುಡುಕಿದ್ದು ನನಗೆ ಇಷ್ಟವಾಯಿತು.

ಇಬ್ನ್ ಬತೂತಾ ಅವರ ಹೆಸರನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವರು ಖ್ವಾರಿಜ್ಮಿಗೆ ಬಂದದ್ದು ಸುಮಾರು 1333ರಲ್ಲಿ, ಭಾರತಕ್ಕೆ ಬರುವ ದಾರಿಯಲ್ಲಿ. ಆಗ ನಾಡಿನ ರಾಜಧಾನಿ ಖೀವಾ ಅಲ್ಲ, ಇಂದು ತುರ್ಕ್‌ಮೆನಿಸ್ತಾನದಲ್ಲಿರುವ ಉರ್ಗೆಂಚ್. ಖೀವಾ ರಾಜಧಾನಿಯಾದದ್ದು ಬಹಳ ತಡವಾಗಿ, 17ನೇ ಶತಮಾನದಲ್ಲಿ. ಕುದುರೆಗೆ ಮೇವಿಲ್ಲದ ನಲವತ್ತು ದಿನಗಳ ಹಾದಿಯನ್ನು ಒಂಟೆಗಳು ಎಳೆಯುವ ಬಂಡಿಯಲ್ಲಿ ದಾಟಿ ಬಂದ ಅವರು ಅಲ್ಲಿ ಕಂಡದ್ದು ಜನಸಾಗರ. ಒಂದು ದಿನ ಕುದುರೆಯ ಮೇಲೆ ಪೇಟೆಗೆ ಹೋಗಿ, ಜನರ ನೂಕುನುಗ್ಗಲಿನಲ್ಲಿ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಸಿಕ್ಕಿಬಿದ್ದರಂತೆ! ಜಮಾಅತಿಗೆ ಬಾರದವರನ್ನು ಹೊಡೆಯಲು ಪ್ರತಿ ಮಸೀದಿಯಲ್ಲಿ ಒಂದು ಚಾವಟಿ ತೂಗುಹಾಕಿದ್ದನ್ನು ಬರೆದಿದ್ದಾರೆ. (ನಗಬೇಡಿ ಮಕ್ಕಳೇ, ನಿಮ್ಮ ಮೇಷ್ಟ್ರುಗಳ ಕೈಯಿಂದ ಈಗ ಬೆತ್ತವೂ ಹೋಗಿದೆ.) ಅಲ್ಲಿಯ ಆಸ್ಪತ್ರೆಯನ್ನೂ ಅದರಲ್ಲಿದ್ದ ಸಿರಿಯಾದ ಹಕೀಮರನ್ನೂ ಗುರುತಿಸಿದ್ದಾರೆ. ಇನ್ನು ಅಲ್ಲಿಯ ಖರ್ಬೂಜವನ್ನು ಹೊಗಳಿ ಅವರಿಗೆ ತೃಪ್ತಿಯೇ ಇಲ್ಲ. ಹಣ್ಣನ್ನು ಸೀಳಿ, ಬಿಸಿಲಿನಲ್ಲಿ ಒಣಗಿಸಿ, ಬುಟ್ಟಿಗಳಲ್ಲಿ ತುಂಬಿ ಭಾರತಕ್ಕೂ ಚೀನಾಕ್ಕೂ ಕಳಿಸುತ್ತಿದ್ದರಂತೆ.

ಇದೇ ಇಬ್ನ್ ಬತೂತಾ ಅವರು ಕೆಲವು ವರ್ಷಗಳ ನಂತರ ನಮ್ಮ ಕರಾವಳಿಗೆ, ಹೊನ್ನಾವರಕ್ಕೆ ಬಂದರು. ಅಲ್ಲಿ ಅವರು ಎಣಿಸಿದ್ದೇನು ಗೊತ್ತೇ? ಗಂಡುಮಕ್ಕಳಿಗೆ 23 ಶಾಲೆಗಳು, ಹೆಣ್ಣುಮಕ್ಕಳಿಗೆ 13 ಶಾಲೆಗಳು. ಹೊನ್ನಾವರದ ಬಂದರಿಗೆ ಎಷ್ಟೋ ವ್ಯಾಪಾರಿಗಳು ಬಂದು ಹೋಗಿರಬೇಕು. ಅವರೆಲ್ಲ ಮೆಣಸಿನ ಮೂಟೆ ಎಣಿಸಿ ಹೋದರು. ಇವರು ಖಾಜಿಯ ವೃತ್ತಿಯವರು, ಓದು ಬರಹದ ಮನುಷ್ಯ, ಆದ್ದರಿಂದ ಶಾಲೆ ಎಣಿಸಿದರು. ಪ್ರವಾಸ ಮಾಡಿದವರೆಲ್ಲ ಜ್ಞಾನಿಗಳಾಗುತ್ತಾರೆ ಎಂದು ನಾವು ವೇದಿಕೆಯ ಮೇಲೆ ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಮನುಷ್ಯ ಮನೆಯಿಂದ ಯಾವ ಪ್ರಶ್ನೆಯನ್ನು ಗಂಟು ಕಟ್ಟಿಕೊಂಡು ಹೊರಡುತ್ತಾನೋ ಅದಕ್ಕೆ ಮಾತ್ರ ಉತ್ತರ ತರುತ್ತಾನೆ. ಖೀವಾದ ವಿಷಯದಲ್ಲಿ ಇದು ಬಹಳ ಸ್ಪಷ್ಟ.

19ನೇ ಶತಮಾನದಲ್ಲಿ ಖೀವಾಕ್ಕೆ ಬಂದ ಹೊರಗಿನವರು ಯಾರು? ರಷ್ಯಾದ ಸೇನಾಧಿಕಾರಿ ನಿಕೊಲಾಯ್ ಮುರಾವ್ಯೋವ್, 1819ರಲ್ಲಿ. ಬ್ರಿಟಿಷ್ ಸೈನ್ಯದ ಜೇಮ್ಸ್ ಅಬಾಟ್ ಮತ್ತು ರಿಚ್ಮಂಡ್ ಶೇಕ್ಸ್‌ಪಿಯರ್, 1840ರಲ್ಲಿ. ಹಂಗೇರಿಯ ಭಾಷಾ ವಿದ್ವಾಂಸ ಅರ್ಮಿನ್ ವಾಂಬೇರಿ, 1863ರಲ್ಲಿ. ಅಮೆರಿಕದ ಪತ್ರಕರ್ತ ಮೆಗಾಹನ್, 1873ರಲ್ಲಿ. ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಬರ್ನಬಿ, 1876ರ ಚಳಿಗಾಲದಲ್ಲಿ. ಇವರ ಸಾಹಸದ ಬಗ್ಗೆ ಎರಡು ಮಾತಿಲ್ಲ. ಮುರಾವ್ಯೋವರನ್ನು ಖಾನನು ಊರಿಗೆ ಸೇರಿಸದೆ ಒಂದು ಸಣ್ಣ ಕೋಟೆಯಲ್ಲಿ ಆರೇಳು ವಾರ ಕೂಡಿಹಾಕಿದ್ದನು. ಬರ್ನಬಿಯವರ ಕೈಗಳು ಹಿಮದಲ್ಲಿ ಮರಗಟ್ಟಿ, ದಾರಿಯಲ್ಲಿ ಸಿಕ್ಕ ಕೊಸಾಕರು ಉಜ್ಜಿ ಉಜ್ಜಿ ಉಳಿಸಿಕೊಟ್ಟರು. ವಾಂಬೇರಿಯವರಂತೂ ಕುಂಟುತ್ತಲೇ, ಹಜ್ಜಿನಿಂದ ಮರಳುವ ಬಡ ಹಾಜಿಗಳ ಜೊತೆ ಸೇರಿಕೊಂಡು, ರಶೀದ್ ಎಫೆಂದಿ ಎಂಬ ತುರ್ಕಿ ದರವೇಶಿಯ ವೇಷದಲ್ಲಿ ಮರುಭೂಮಿ ದಾಟಿ ಬಂದರು. ಗುರುತು ಸಿಕ್ಕಿದ್ದರೆ ತಲೆ ಉಳಿಯುತ್ತಿರಲಿಲ್ಲ. ಖಾನನ ಮುಂದೆ ನಿಂತು, ದುಆ ಮಾಡಿ, ಅನುಮಾನ ಬಾರದಂತೆ ಹೊರಬಂದರು. ಅವರನ್ನು ತಮ್ಮವರೆಂದೇ ನಂಬಿ ರೊಟ್ಟಿ ಹಂಚಿಕೊಂಡ ಆ ಹಾಜಿಗಳ ಬಗ್ಗೆ ಓದುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ.

ಇವರೆಲ್ಲ ಬರೆದ ಒಂದು ಸಂಗತಿಯನ್ನು ನಾನು ಇಲ್ಲಿ ಮುಚ್ಚಿಟ್ಟು ಮುಂದೆ ಹೋಗಬಹುದಿತ್ತು. ಇಂತಹ ಸಭೆಗಳಲ್ಲಿ ನಮ್ಮ ಹಿಂದಿನವರ ವೈಭವ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಆದರೆ ಖೀವಾದಲ್ಲಿ ಗುಲಾಮರ ಸಂತೆ ಇತ್ತು. ಪೂರ್ವದ ಹೆಬ್ಬಾಗಿಲು ಪಹಲ್ವಾನ್ ದರ್ವಾಜಾದ ಬಳಿ, ಗುಲಾಮರನ್ನು ಇರಿಸುತ್ತಿದ್ದ ಗೂಡುಗಳನ್ನು ಇಂದಿಗೂ ತೋರಿಸುತ್ತಾರೆ. ತುರ್ಕ್‌ಮೆನ್ ಸವಾರರು ಇರಾನಿನ ಹಳ್ಳಿಗಳಿಗೆ ನುಗ್ಗಿ ಹಿಡಿದು ತಂದವರೇ ಅಲ್ಲಿ ಹೆಚ್ಚು. ರಷ್ಯಾದ ಬೆಸ್ತರು, ಗಡಿಯ ರೈತರು ಕೂಡ ಇದ್ದರು. ಇರಾನಿನವರು ಮುಸ್ಲಿಮರಲ್ಲವೇ ಎಂದು ನೀವು ಕೇಳಬಹುದು. ಹೌದು, ಶಿಯಾಗಳು. ಅವರು ಮುಸ್ಲಿಮರೇ ಅಲ್ಲ ಎಂದು ಹೇಳಿ ಆ ವ್ಯಾಪಾರಕ್ಕೆ ಮಜಹಬಿನ ಮುದ್ರೆ ಒತ್ತುವವರು ಅಲ್ಲಿ ಸಿಕ್ಕಿದ್ದರು. ಮುರಾವ್ಯೋವರ ಕೈಗೆ, ಅವರ ಕೋವಿಯ ನಳಿಗೆಯೊಳಗೆ ಅಡಗಿಸಿದ ಒಂದು ಚೀಟಿ ಬಂದಿತ್ತು. ನಾವು ಇಷ್ಟು ಸಾವಿರ ರಷ್ಯನ್ನರು ಇಲ್ಲಿ ಸೆರೆಯಲ್ಲಿದ್ದೇವೆ, ದೊರೆಗೆ ತಿಳಿಸಿ ಎಂದು ಅದರಲ್ಲಿತ್ತು. ವಾಂಬೇರಿಯವರು ಸೆರೆಯಾಳುಗಳಿಗೆ ಕೊಟ್ಟ ಘೋರ ಶಿಕ್ಷೆಗಳನ್ನೂ, ಶತ್ರುಗಳ ತಲೆಗಳನ್ನು ಎಣಿಸಿ ಸೈನಿಕರಿಗೆ ನಿಲುವಂಗಿ ಬಹುಮಾನ ಕೊಡುವುದನ್ನೂ ಕಣ್ಣಾರೆ ಕಂಡು ಬರೆದಿದ್ದಾರೆ. ವೇಷ ಹಾಕಿ ಬಂದವರ ಮಾತು ಎಂದು ಇದನ್ನೆಲ್ಲ ತಳ್ಳಿಹಾಕಲಾಗದು, ಏಕೆಂದರೆ ಬೇರೆ ಬೇರೆ ದೇಶದ, ಬೇರೆ ಬೇರೆ ವರ್ಷದ ಸಾಕ್ಷಿಗಳು ಒಂದೇ ಮಾತನ್ನು ಹೇಳುತ್ತಾರೆ. 1840ರಲ್ಲಿ ಶೇಕ್ಸ್‌ಪಿಯರ್ ಅವರು ಖಾನನ ಮನವೊಲಿಸಿ 416 ರಷ್ಯನ್ ಗುಲಾಮರನ್ನು ಮರುಭೂಮಿ ದಾಟಿಸಿ ಅವರ ನಾಡಿಗೆ ತಲುಪಿಸಿದರು. ಅದು ಒಳ್ಳೆಯ ಕೆಲಸ. ಆದರೆ ಗುಲಾಮರ ನೆಪದಲ್ಲಿ ರಷ್ಯಾ ದಂಡೆತ್ತಿ ಬಾರದಿರಲಿ ಎಂಬುದೂ ಅದರ ಹಿಂದಿನ ಲೆಕ್ಕಾಚಾರವಾಗಿತ್ತು.

ಹಾಗೆಂದು, ಗುಲಾಮಗಿರಿ ಬಿಡಿಸಲು ಬಂದವರು ಕೈ ತೊಳೆದುಕೊಂಡು ಬಂದಿರಲಿಲ್ಲ. 1873ರ ಜೂನ್ ತಿಂಗಳಲ್ಲಿ ಜನರಲ್ ಕೌಫ್‌ಮನ್‌ನ ಸೈನ್ಯ ಖೀವಾವನ್ನು ಹಿಡಿಯಿತು. ಖಾನನಿಂದ ಗುಲಾಮಗಿರಿ ರದ್ದು ಎಂದು ಡಂಗುರ ಹೊಡೆಸಿತು. 22 ಲಕ್ಷ ರೂಬಲ್ ದಂಡ ಹೇರಿತು. ಯೊಮುತ್ ತುರ್ಕ್‌ಮೆನ್ನರ ಮೇಲೆ ಬೇರೆಯಾಗಿ 3 ಲಕ್ಷ ರೂಬಲ್ ಹೇರಿ, ಅದನ್ನು ಕೆಲವೇ ದಿನಗಳಲ್ಲಿ ಕಟ್ಟಬೇಕೆಂದು ಹೇಳಿ, ಗಡುವು ಮುಗಿಯುವ ಮೊದಲೇ ಅವರ ಮೇಲೆ ದಂಡು ಕಳಿಸಿತು. ಹೊಲ ಮನೆ ಸುಟ್ಟರು. ಓಡುತ್ತಿದ್ದ ಕುಟುಂಬಗಳನ್ನು, ಹೆಂಗಸರು ಮಕ್ಕಳೆನ್ನದೆ, ಕಡಿದರು. ಇದನ್ನು ಬರೆದಿಟ್ಟವರು ಯಾರೋ ಮುಸ್ಲಿಮ್ ಚರಿತ್ರೆಕಾರರಲ್ಲ, ರಷ್ಯನ್ ಸೈನ್ಯದ ಜೊತೆಯಲ್ಲೇ ಇದ್ದ, ಆ ಸೈನ್ಯದ ಬಗ್ಗೆ ಮೆಚ್ಚುಗೆಯಿದ್ದ ಮೆಗಾಹನ್. ಮೆಚ್ಚಿದವರ ತಪ್ಪನ್ನೂ ಬರೆದದ್ದರಿಂದಲೇ ಅವರ ಪುಸ್ತಕವನ್ನು ಇಂದಿಗೂ ನಂಬಿ ಓದಬಹುದು. ವಿದ್ಯಾರ್ಥಿಗಳೇ, ಚರಿತ್ರೆ ಓದುವಾಗ ನಮ್ಮವರ ಸಂತೆಯನ್ನೂ ನೋಡಬೇಕು, ಅವರವರ ದಂಡನ್ನೂ ನೋಡಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವವರು ಎರಡೂ ಕಡೆ ಇದ್ದಾರೆ.

ಇನ್ನು ಈ ಯಾತ್ರಿಕರು ಅಷ್ಟಾಗಿ ಗಮನಿಸದೆ ಹೋದದ್ದರ ಬಗ್ಗೆ ಹೇಳುತ್ತೇನೆ. ಅವರ ಗಂಟಿನಲ್ಲಿದ್ದ ಪ್ರಶ್ನೆಗಳು ಬೇರೆ: ಗೋಡೆ ಎಷ್ಟು ದಪ್ಪ, ಫಿರಂಗಿ ಎಷ್ಟು, ಬಾವಿಯಿಂದ ಬಾವಿಗೆ ಎಷ್ಟು ದೂರ. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಆಗಹಿ ಎಂಬ ಕವಿ ಇದ್ದರು (1809-1874). ಅವರ ಉದ್ಯೋಗ ಮೀರಾಬ್, ಅಂದರೆ ಕಾಲುವೆಗಳ ಅಧಿಕಾರಿ. ಯಾವ ಹೊಲಕ್ಕೆ ಎಷ್ಟು ನೀರು ಎಂದು ನೋಡಿಕೊಳ್ಳುವವರು. ಅವರ ಸೋದರಮಾವ ಮೂನಿಸ್ ಕೂಡ ಕವಿ, ಚರಿತ್ರೆಕಾರ, ಮೀರಾಬ್. ಮಾವ ಅರ್ಧಕ್ಕೆ ಬಿಟ್ಟುಹೋದ ಖ್ವಾರಿಜ್ಮಿನ ಚರಿತ್ರೆಯನ್ನು ಅಳಿಯ ಮುಂದುವರಿಸಿದರು. ಸಾದಿಯವರ ಗುಲಿಸ್ತಾನವನ್ನು ತಮ್ಮ ತುರ್ಕಿ ಭಾಷೆಗೆ ತಂದರು. ನೀರಾವರಿ ಇಲಾಖೆಯಲ್ಲಿ ಕೂತು ಚರಿತ್ರೆ, ಅನುವಾದ, ಕಾವ್ಯ ಮೂರನ್ನೂ ಮಾಡಿದ ಮನುಷ್ಯ! ಸೋತುಹೋದ ಖಾನ ಎರಡನೇ ಮುಹಮ್ಮದ್ ರಹೀಮನೂ ‘ಫಿರೋಜ್’ ಎಂಬ ತಖಲ್ಲುಸ್ ಇಟ್ಟುಕೊಂಡು ಬರೆಯುತ್ತಿದ್ದನು. ರಾಜ್ಯ ಕೈಜಾರಿದ ಮರುವರ್ಷವೇ, 1874ರಲ್ಲಿ, ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದನು. ಮಧ್ಯ ಏಷ್ಯಾದಲ್ಲಿ ಸ್ಥಳೀಯರು ತಮ್ಮ ಭಾಷೆಯ ಪುಸ್ತಕಗಳನ್ನು ಅಚ್ಚು ಹಾಕಿಸಿದ ಮೊದಲ ಪ್ರಯತ್ನಗಳಲ್ಲಿ ಅದೊಂದು. ಮುಂದೆ 1884ರಲ್ಲಿ ಆಯುಧ ಹಿಡಿಯಲಾರೆವೆಂದು ರಷ್ಯಾ ಬಿಟ್ಟುಬಂದ, ಜರ್ಮನ್ ಮಾತಾಡುವ ಮೆನ್ನೊನೈಟ್ ಕ್ರೈಸ್ತರಿಗೆ ಊರಿನ ಹತ್ತಿರ ನೆಲ ಕೊಟ್ಟು ಇರಿಸಿಕೊಂಡವನೂ ಇವನೇ. ಅವರು ಮರಗೆಲಸದಲ್ಲಿ ನಿಪುಣರು. ಅವರಲ್ಲೊಬ್ಬರು ಖೀವಾದ ಖುದಾಯ್‌ಬೆರ್ಗೆನ್ ದೇವಾನೋವ್ ಎಂಬ ಹುಡುಗನಿಗೆ ಕ್ಯಾಮೆರಾ ಹಿಡಿಯಲು ಕಲಿಸಿದರು. ಆ ಹುಡುಗ ಉಜ್ಬೇಕರ ಮೊದಲ ಛಾಯಾಗ್ರಾಹಕನಾದನು. ಹಳೆಯ ಖೀವಾದ ಬೀದಿ, ಪೇಟೆ, ಜನರ ಮುಖಗಳು ಇಂದು ನಮಗೆ ಕಾಣುತ್ತಿದ್ದರೆ ಅದು ಆತನ ಕೃಪೆ.

ಆಮೇಲೆ ಬಂದದ್ದು ಸೋವಿಯತ್ ಕಾಲ. 1920ರಲ್ಲಿ ಖಾನರ ಆಳ್ವಿಕೆ ಕೊನೆಗೊಂಡಿತು. 1932ರಲ್ಲಿ ಸ್ವಿಟ್ಜರ್ಲೆಂಡಿನ ಎಲ್ಲಾ ಮೇಯಾರ್ ಎಂಬ ಮಹಿಳೆ ಒಂಟಿಯಾಗಿ ಖೀವಾಕ್ಕೆ ಬಂದು, ಆ ಮೆನ್ನೊನೈಟರ ಅಚ್ಚುಕಟ್ಟಾದ ಮನೆಗಳಲ್ಲಿ ಅತಿಥಿಯಾಗಿದ್ದರು. ಮೂರೇ ವರ್ಷದಲ್ಲಿ, 1935ರಲ್ಲಿ, ಸರ್ಕಾರ ಅವರನ್ನೆಲ್ಲ ಅಲ್ಲಿಂದ ಎತ್ತಂಗಡಿ ಮಾಡಿತು. ದೇವಾನೋವರನ್ನು ಸ್ಟಾಲಿನ್ ಕಾಲದಲ್ಲಿ ಬಂಧಿಸಿ ಕೊಂದರು. ಮದ್ರಸಾಗಳು ಮುಚ್ಚಿದವು. ಆದರೆ ಕಟ್ಟಡಗಳು ಉಳಿದವು. ಸೋವಿಯತ್ ಸರ್ಕಾರವೇ ಒಳಕೋಟೆಯನ್ನು ವಸ್ತುಸಂಗ್ರಹಾಲಯವೆಂದು ಘೋಷಿಸಿ ದುರಸ್ತಿ ಮಾಡಿಸಿತು. 1990ರಲ್ಲಿ ಯುನೆಸ್ಕೋ ಇಚಾನ್ ಕಲಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗಿನ ಪ್ರವಾಸಿಗರು ಸುಮಾರಾಗಿ ಎರಡು ಮಾತು ಹೇಳುತ್ತಾರೆ. ಒಂದು, ಇಷ್ಟು ಪೂರ್ತಿಯಾಗಿ ಉಳಿದ ಕೋಟೆ ಊರು ಬೇರೆಲ್ಲೂ ನೋಡಿಲ್ಲ ಎಂದು. ಇನ್ನೊಂದು, ಎಲ್ಲವೂ ತೊಳೆದಿಟ್ಟ ಹಾಗಿದೆ, ಸಿನಿಮಾ ಸೆಟ್ಟಿನಂತಿದೆ ಎಂದು. ಕಾಲ್ತಾ ಮಿನಾರ್, ಅಂದರೆ ಮೊಟಕು ಮಿನಾರಿನ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. 1851ರಲ್ಲಿ ಆರಂಭಿಸಿದ ಅದನ್ನು, ಖಾನನು 1855ರಲ್ಲಿ ಯುದ್ಧದಲ್ಲಿ ಸತ್ತ ಕಾರಣ ಅರ್ಧಕ್ಕೇ ಬಿಟ್ಟರು. ಬುಡದ ಸುತ್ತಳತೆ ನೋಡಿದರೆ ಎಷ್ಟೆತ್ತರದ ಆಸೆಯಿತ್ತು ಎಂದು ತಿಳಿಯುತ್ತದೆ. ಜುಮ್ಮಾ ಮಸೀದಿಯಲ್ಲಿ 200ಕ್ಕೂ ಹೆಚ್ಚು ಕೆತ್ತನೆಯ ಮರದ ಕಂಬಗಳಿವೆ, ಹೊರಗೆ ಬಿಸಿಲು ಕಾದಿದ್ದರೂ ಒಳಗೆ ನಸುಗತ್ತಲು, ತಂಪು. ಮನೆಗಳ ಎತ್ತರದ ಜಗಲಿಗಳು ಉತ್ತರಕ್ಕೆ ಮುಖ ಮಾಡಿವೆ, ಗಾಳಿ ಹಿಡಿಯಲು. ವಿದ್ಯುತ್ ಪಂಖವಿಲ್ಲದ ಕಾಲದ ಬುದ್ಧಿ ಅದು. ಸಂಜೆ ಬಸ್ಸುಗಳು ಹೊರಟುಹೋದ ಮೇಲೆ ಕೋಟೆಯೊಳಗೆ ಮನೆ ಮಾಡಿಕೊಂಡಿರುವವರ ಮಕ್ಕಳು ಬೀದಿಯಲ್ಲಿ ಆಡುತ್ತಾರೆ. ಆ ಹೊತ್ತಿನ ಖೀವಾವೇ ನಿಜವಾದ ಖೀವಾ ಎಂದು ರಾತ್ರಿ ತಂಗಿದವರು ಬರೆಯುತ್ತಾರೆ.

ಕೊನೆಯದಾಗಿ ಒಂದು ಗೋರಿಯ ಬಗ್ಗೆ. ಊರಿನ ಅತಿ ದೊಡ್ಡ ಗುಂಬಜು ಒಬ್ಬ ಖಾನನದಲ್ಲ, ಪಹಲ್ವಾನ್ ಮಹಮೂದರದು. 1326ರಲ್ಲಿ ತೀರಿಕೊಂಡ ಅವರು ತುಪ್ಪಳದ ಬಟ್ಟೆ ಹೊಲಿಯುವ ಕಸುಬಿನವರು, ಕುಸ್ತಿಪಟು, ಫಾರಸಿಯಲ್ಲಿ ರುಬಾಯಿ ಬರೆದ ಕವಿ. ಅವರು ಹಿಂದೂಸ್ತಾನಕ್ಕೆ ಬಂದ ಕಥೆಯನ್ನು ಅಲ್ಲಿಯ ಜನ ಹೇಳುತ್ತಾರೆ. ಇಲ್ಲಿಯ ಒಬ್ಬ ಅರಸನು ಮೆಚ್ಚಿ ಏನು ಬೇಕು ಕೇಳು ಎಂದಾಗ, ಸೆರೆಯಲ್ಲಿರುವ ನನ್ನ ನಾಡಿನವರಲ್ಲಿ ಒಂದು ಹಸುವಿನ ಚರ್ಮದೊಳಗೆ ಹಿಡಿಸುವಷ್ಟು ಜನರನ್ನು ಬಿಡಿ ಎಂದರಂತೆ. ಅರಸನು ನಕ್ಕು ಒಪ್ಪಿದನು. ಇವರು ಆ ಚರ್ಮವನ್ನು ದಾರದಷ್ಟು ಸಣ್ಣ ಪಟ್ಟಿಯಾಗಿ ಸೀಳಿ, ಉದ್ದಕ್ಕೆ ಗಂಟು ಹಾಕಿ, ಎಲ್ಲ ಸೆರೆಯಾಳುಗಳ ಸುತ್ತ ಬಳಸಿ ಬಿಡಿಸಿಕೊಂಡು ಹೋದರು. ಸೆರೆಯವರನ್ನು ಬಿಡಿಸಿದ ಈ ಸಂತರ ಹೆಸರಿನ ಬಾಗಿಲ ಬಳಿಯೇ ಮುಂದೆ ಗುಲಾಮರ ಸಂತೆ ನಡೆಯಿತು ಎಂಬುದನ್ನು ನೀವೇ ಯೋಚಿಸಿ.

ಆ ಗೋರಿಯ ಒಳಗೋಡೆಗಳ ನೀಲಿ ಹೆಂಚಿನ ಮೇಲೆ ಅವರ ಪದ್ಯಗಳನ್ನು ಬರೆದಿದ್ದಾರೆ, ಫಾರಸಿ ಲಿಪಿಯಲ್ಲಿ. 1920ರ ದಶಕದ ಕೊನೆಯಲ್ಲಿ ಆ ನಾಡಿನ ಅರಬಿ ಲಿಪಿಯನ್ನು ತೆಗೆದು ಲ್ಯಾಟಿನ್ ತಂದರು. 1940ರಲ್ಲಿ ಅದನ್ನೂ ತೆಗೆದು ರಷ್ಯನ್ ಲಿಪಿ ತಂದರು. ಸ್ವತಂತ್ರವಾದ ಮೇಲೆ, 1993ರಲ್ಲಿ, ಮತ್ತೆ ಲ್ಯಾಟಿನ್ ಎಂದು ಕಾನೂನು ಮಾಡಿದರು. ಹೀಗಾಗಿ ಗೋರಿಯ ಹೊರಗೆ ಚೆಂಡಾಡುವ ಹುಡುಗನಿಗೆ ಒಳಗಿನ ಅಕ್ಷರ ಬಾರದು. ವಿಶೇಷವಾಗಿ ಕಲಿತವರು ಮಾತ್ರ ಓದುತ್ತಾರೆ, ಪ್ರವಾಸಿಗರು ಬಣ್ಣ ನೋಡಿ ಹೋಗುತ್ತಾರೆ. ಆದರೆ ನಮ್ಮ ಶಾಲೆಯಲ್ಲಿ ಅಲಿಫ್ ಬೇ ಕಲಿತು, ಕನ್ನಡದ ಕಾಗುಣಿತವನ್ನೂ ಕಲಿತ ಏಳನೇ ತರಗತಿಯ ಹುಡುಗಿಯೊಬ್ಬಳು ಅಲ್ಲಿ ನಿಂತರೆ, ಅರ್ಥವೆಲ್ಲ ಆಗದಿದ್ದರೂ, ‘ದಿಲ್’, ‘ದೋಸ್ತ್’, ‘ಜಹಾನ್’ ಎಂಬಂಥ ಪದ ಎಲ್ಲಾದರೂ ಕಂಡರೆ ಬೆರಳಿಟ್ಟು ಓದಬಲ್ಲಳು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜ ಬರೆದಿಟ್ಟ ಉರ್ದು ಕಾಗದಗಳು ಪೆಟ್ಟಿಗೆಯಲ್ಲಿವೆ. ಓದುವವರಿಲ್ಲದೆ, ಇದರಲ್ಲಿ ಏನಿದೆ ನೋಡಿ ಎಂದು ಪೋಷಕರು ಶಾಲೆಗೆ ನಮ್ಮ ಬಳಿ ತರುತ್ತಾರೆ. ಹೆಚ್ಚಾಗಿ ಜಮೀನಿನ ವಿಚಾರ, ಮದುವೆಯ ಖರ್ಚಿನ ಲೆಕ್ಕ ಇರುತ್ತದೆ. ಒಮ್ಮೊಮ್ಮೆ ಒಂದು ಶೇರ್ ಕೂಡ ಸಿಗುತ್ತದೆ. ಅಂಥದ್ದು ನಿಮ್ಮ ಮನೆಯಲ್ಲಿದ್ದರೆ ತನ್ನಿ, ಶನಿವಾರ ಮಧ್ಯಾಹ್ನ ಕೂತು ಓದೋಣ.